ಪುಡಿ ಹಾಕುವುದನ್ನು ಎಂದು ನಿಲ್ಲಿಸಬೇಕು?

ಸಾಕಿದ ಸಿಗಡಿಯ ಹೊಂಡಗಳಿರುವ ಕರಾವಳಿಯಲ್ಲಿ, ಅದು ಆಂಧ್ರದ ಭೀಮಾವರವಾಗಿರಲಿ, ನೆಲ್ಲೂರಾಗಿರಲಿ, ನಮ್ಮ ಕುಮಟಾ ಅಂಕೋಲೆಗಳ ಕಡೆಯಾಗಿರಲಿ, ಮೇವಿನ ಮೂಟೆಗಳನ್ನು ಪೇರಿಸಿಟ್ಟ ಕೋಣೆಯನ್ನು ಹೊಕ್ಕವರಿಗೆ ಆ ಮೂಟೆಗಳಿಗಿಂತ ಮೊದಲು ಕಣ್ಣಿಗೆ ಬೀಳುವುದು ಗೋಡೆಯ ಹಲಗೆಯ ಮೇಲೆ ಸಾಲಾಗಿ ನಿಂತ ಪೊಟ್ಟಣಗಳೂ ಡಬ್ಬಗಳೂ ಆಗಿರುತ್ತವೆ. ಒಂದರ ಮೇಲೆ ಪ್ರೊಬಯೋಟಿಕ್ ಎಂದಿರುತ್ತದೆ, ಇನ್ನೊಂದರ ಮೇಲೆ ಖನಿಜ ಮಿಶ್ರಣವೆಂದಿರುತ್ತದೆ. ಮತ್ತೊಂದು, ಸಿಗಡಿಯ ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುವುದಾಗಿ ದೊಡ್ಡ ಅಕ್ಷರಗಳಲ್ಲಿ ಸಾರುತ್ತದೆ. ಬೆಳೆಗಾರರ ಬಾಯಲ್ಲಿ ಅದು ‘ಇಮ್ಯುನಿಟಿ ಪುಡಿ’. ಕಿಲೋ ಮೇವಿಗೆ ಇಷ್ಟು ಗ್ರಾಂ ಬೆರೆಸಬೇಕೆಂಬ ಸೂಚನೆ ಅದರ ಮೇಲಿರುತ್ತದೆ. ಆದರೆ ಎಷ್ಟು ದಿನ ಬೆರೆಸಬೇಕು, ಎಂದು ನಿಲ್ಲಿಸಬೇಕು, ನಿಲ್ಲಿಸಿದ ಮೇಲೆ ಎಷ್ಟು ಕಾಲ ಬಿಟ್ಟು ಮತ್ತೆ ಆರಂಭಿಸಬೇಕು ಎಂಬುದನ್ನು ಸ್ಪಷ್ಟವಾಗಿ ಹೇಳುವ ಪೊಟ್ಟಣ ಅಪರೂಪ. ಈ ಲೋಪವನ್ನು ಕುರಿತೇ ಇಲ್ಲಿ ನಾಲ್ಕು ಮಾತು ಹೇಳಬೇಕಾಗಿದೆ. ಏಕೆಂದರೆ ಇಂಥ ಉತ್ತೇಜಕ ದ್ರವ್ಯಗಳ ವಿಷಯದಲ್ಲಿ ವಿಜ್ಞಾನವು ಕಂಡುಕೊಂಡಿರುವ ಅತ್ಯಂತ ಉಪಯುಕ್ತವಾದ ಸಂಗತಿ ಯಾವುದೋ ಅದೇ ಪೊಟ್ಟಣದ ಮೇಲೆ ಅಚ್ಚಾಗದೆ ಉಳಿದಿದೆ.

ಸಿಗಡಿಯ ದೇಹರಕ್ಷಣೆಯ ಕ್ರಮ ನಮ್ಮದರಂತಲ್ಲ. ಮನುಷ್ಯನಿಗೆ, ದನಕರುಗಳಿಗೆ, ಮೀನಿಗೆ ಸಹ, ಒಮ್ಮೆ ಬಂದುಹೋದ ರೋಗಾಣುವಿನ ಗುರುತನ್ನು ಬಹುಕಾಲ ನೆನಪಿಟ್ಟುಕೊಂಡು ಅದಕ್ಕೆಂದೇ ಪ್ರತಿಕಾಯಗಳನ್ನು ನಿರ್ಮಿಸಿಕೊಳ್ಳುವ ಸಾಮರ್ಥ್ಯವುಂಟು. ಲಸಿಕೆಯೆಂಬುದು ಸಾಧ್ಯವಾದದ್ದು ಈ ಸ್ಮೃತಿಯ ಬಲದಿಂದಲೇ. ಬೆನ್ನೆಲುಬಿಲ್ಲದ ಸಿಗಡಿಗೆ ಪ್ರತಿಕಾಯಗಳಿಲ್ಲ. ಬಿಳಿಚುಕ್ಕೆ ರೋಗದಿಂದ ಬದುಕುಳಿದ ಕುರುಮಾ ಸಿಗಡಿಗಳು ಅದೇ ವೈರಸ್ಸನ್ನು ಕೆಲಕಾಲ ತಡೆದುಕೊಂಡುದನ್ನು ಜಪಾನಿನ ಸಂಶೋಧಕರು ಗಮನಿಸಿರುವರಾದರೂ, ಹೊಂಡದ ಮರಿಗಳಿಗೆಲ್ಲ ಲಸಿಕೆ ಹಾಕಿ ನಿಶ್ಚಿಂತರಾಗಿರುವ ಕಾಲ ಇನ್ನೂ ಬಂದಿಲ್ಲ. ಸಿಗಡಿಗಿರುವುದು ಹುಟ್ಟಿನೊಡನೆ ಬಂದ ರಕ್ಷಣೆ; ಹೊರಗೆ ಗಟ್ಟಿಯಾದ ಚಿಪ್ಪು, ಒಳಗೆ ರಕ್ತದಲ್ಲಿ ತೇಲುವ ಕೆಲವು ಬಗೆಯ ಕೋಶಗಳು, ಆ ಕೋಶಗಳು ತಮ್ಮೊಳಗಿಟ್ಟುಕೊಂಡ ಕೆಲವು ರಾಸಾಯನಿಕ ಆಯುಧಗಳು.

ಈ ರಕ್ಷಣೆ ಕಣ್ಣಿಗೆ ಕಾಣದ ವಸ್ತುವೇನೂ ಅಲ್ಲ. ಹೊಂಡದಿಂದ ಎತ್ತಿದ ಸಿಗಡಿಯ ಕೊನೆಯ ಜೋಡಿ ನಡೆಗಾಲುಗಳ ಬುಡದಲ್ಲಿ ಸಣ್ಣ ಸೂಜಿ ಚುಚ್ಚಿ ರಕ್ತವನ್ನು ಸೆಳೆದರೆ ಸಿರಿಂಜಿನೊಳಕ್ಕೆ ಬರುವುದು ಬಣ್ಣವೇ ಇಲ್ಲದಂಥ, ಬೆಳಕಿಗೆ ಹಿಡಿದರೆ ನಸುನೀಲಿಯೆನಿಸುವ ತಿಳಿದ್ರವ. ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಕೆಲಸ ಕಬ್ಬಿಣದ್ದಾದರೆ ಅದರಲ್ಲಿ ಆ ಕೆಲಸ ತಾಮ್ರದ್ದು. ಹೆಪ್ಪುಗಟ್ಟದಂತೆ ತಡೆಯುವ ದ್ರಾವಣವನ್ನು ಮೊದಲೇ ಸಿರಿಂಜಿಗೆ ಹಾಕಿರದಿದ್ದರೆ ಆರೋಗ್ಯವಂತ ಸಿಗಡಿಯ ರಕ್ತ ನೋಡುನೋಡುತ್ತಿದ್ದಂತೆಯೇ ಲೋಳೆಯಾಗಿ ಗಟ್ಟಿಯಾಗುತ್ತದೆ; ಬಿಳಿಚುಕ್ಕೆ ರೋಗ ಬಲಿತ ಸಿಗಡಿಯದಾದರೋ ತೆಳ್ಳಗೆ ಹರಿಯುತ್ತಲೇ ಇರುತ್ತದೆ. ಇನ್ನು ಚಿಪ್ಪಿನ ಮೇಲಿನ ಕಪ್ಪು ಕಲೆಯನ್ನು ಕಾಣದ ಬೆಳೆಗಾರನಿಲ್ಲ. ಎಲ್ಲಿಯೋ ತರಚಿ, ಎಲ್ಲಿಯೋ ಕಚ್ಚಿಸಿಕೊಂಡು ಗಾಯವಾದಲ್ಲಿ ರಕ್ತಕೋಶಗಳು ಬಂದು ಮುತ್ತಿ, ತಮ್ಮ ಕಣಗಳಲ್ಲಿದ್ದ ಕಿಣ್ವವನ್ನು ಸಡಿಲಬಿಟ್ಟು, ಮೆಲನಿನ್ ಎಂಬ ಕರಿವರ್ಣದ್ರವ್ಯದ ಪದರವನ್ನು ಗಾಯದ ಮೇಲೆ ಕಟ್ಟುತ್ತವೆ. ಮಾಲು ಕೊಳ್ಳಲು ಬಂದ ವ್ಯಾಪಾರಿ ಆ ಕಲೆಯನ್ನು ತೋರಿಸಿ ಬೆಲೆ ಇಳಿಸುತ್ತಾನೆ. ಪ್ರಾಣಿಯ ದೃಷ್ಟಿಯಿಂದ ಅದು ಗೆದ್ದ ಯುದ್ಧದ ಗುರುತು.

ಇಲ್ಲಿ ಒಂದು ಐತಿಹಾಸಿಕ ಸ್ವಾರಸ್ಯವನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಇಲ್ಯಾ ಮೆಚ್ನಿಕಾಫ್ ಎಂಬ ರಷ್ಯನ್ ಪ್ರಾಣಿಶಾಸ್ತ್ರಜ್ಞ 1882ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಪಾರದರ್ಶಕವಾದ ಮರಿಯ ಮೈಯೊಳಕ್ಕೆ ಮುಳ್ಳನ್ನು ಚುಚ್ಚಿ, ಅದರ ಸುತ್ತ ಅಲೆಮಾರಿ ಕೋಶಗಳು ಬಂದು ನೆರೆದುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡ ಕಥೆ ಪ್ರಸಿದ್ಧವಾದದ್ದು. ಆದರೆ ಆ ಕೋಶಗಳು ರೋಗಾಣುವನ್ನು ನಿಜವಾಗಿಯೂ ನುಂಗಿ ನಾಶಮಾಡುತ್ತವೆಂದು ಆತ 1884ರಲ್ಲಿ ತೋರಿಸಿಕೊಟ್ಟದ್ದು ನೀರುಚಿಗಟವೆಂಬ ಪುಟ್ಟ ಜೀವಿಯಲ್ಲಿ. ಅದು ಸಿಗಡಿಯಂತೆಯೇ ಒಂದು ಕವಚಪ್ರಾಣಿ, ಅದರೊಳಗೆ ಹೊಕ್ಕಿದ್ದ ಶತ್ರುವೋ ಯೀಸ್ಟ್ ಜಾತಿಯ ಒಂದು ಶಿಲೀಂಧ್ರ. 1908ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಆ ಮಹನೀಯ ಅಂದು ಕಂಡದ್ದೇನೋ, ಇಂದು ಭೀಮಾವರದ ಬೆಳೆಗಾರ ಪೊಟ್ಟಣ ಒಡೆದು ಮೇವಿಗೆ ಬೆರೆಸುವಾಗ ನಿರೀಕ್ಷಿಸುವುದೂ ಬಹುಮಟ್ಟಿಗೆ ಅದನ್ನೇ. ಏಕೆಂದರೆ ಆ ಪುಡಿಗಳಲ್ಲಿ ಅತಿ ಪ್ರಚಾರದಲ್ಲಿರುವುದು ಬೀಟಾ ಗ್ಲೂಕಾನ್. ಬ್ರೆಡ್ಡು ಬಿಯರುಗಳಿಗೆ ಬಳಸುವ ಯೀಸ್ಟಿನ ಕೋಶಭಿತ್ತಿಯಿಂದ ತೆಗೆದ ಒಂದು ಬಗೆಯ ಶರ್ಕರ. ಶಿಲೀಂಧ್ರಗಳ ಮೈಯಲ್ಲಿ ತಪ್ಪದೆ ಇದ್ದು ಸಿಗಡಿಯ ಮೈಯಲ್ಲಿ ಎಂದೂ ಇರದ ವಸ್ತುವಾದುದರಿಂದ ಅದನ್ನು ಕಂಡೊಡನೆ ಸಿಗಡಿಯ ರಕ್ತದಲ್ಲಿನ ಗ್ರಾಹಕ ಪ್ರೋಟೀನುಗಳು ಅದಕ್ಕೆ ಅಂಟಿಕೊಂಡು, ಶತ್ರು ಬಂದಿತೆಂದು ಬಗೆದು, ಮೊದಲು ಹೇಳಿದ, ಮೆಲನಿನ್ ಕಟ್ಟುವ ಕಿಣ್ವಗಳ ಸರಣಿಯನ್ನು ಚಲನೆಗೆ ತರುತ್ತವೆ. ಈ ಸರಣಿಯ ಕೀಲುಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಿದ ಕೀರ್ತಿಯಲ್ಲಿ ಬಹುಪಾಲು ಸ್ವೀಡನ್ನಿನ ಉಪ್ಸಾಲದಲ್ಲಿ ಸಿಹಿನೀರಿನ ಕ್ರೇಫಿಶ್ ಮೇಲೆ ದಶಕಗಟ್ಟಲೆ ದುಡಿದ ಕೆನೆತ್ ಸೋಡರ್‌ಹಾಲ್ ಮತ್ತು ಅವರ ಸಹೋದ್ಯೋಗಿಗಳದು. ಗ್ಲೂಕಾನ್ ಅಲ್ಲದೆ ಬ್ಯಾಕ್ಟೀರಿಯಗಳ ಹೊರಗೋಡೆಯ ಅಂಶಗಳು, ಸಿಗಡಿಯ ಚಿಪ್ಪಿನಿಂದಲೇ ತೆಗೆದ ಕೈಟೋಸಾನ್, ಕಂದು ಕಡಲಪಾಚಿಗಳಲ್ಲಿರುವ ಫ್ಯೂಕಾಯ್ಡನ್, ನಾನಾ ಗಿಡಮೂಲಿಕೆಗಳ ಸಾರ, ಇವೆಲ್ಲ ಇದೇ ಉದ್ದೇಶಕ್ಕೆ ಬಳಕೆಯಾಗುತ್ತಲಿವೆ.

ಬೆಳೆಗಾರ ಈ ಪುಡಿಗಳ ಕಡೆಗೆ ತಿರುಗಿದ್ದಕ್ಕೆ ಕಾರಣ ಫ್ಯಾಷನ್ನಲ್ಲ, ಭಯ. ತೈವಾನಿನ ಹುಲಿಸಿಗಡಿಯ ಉದ್ಯಮ 1988ರಲ್ಲಿ ಕುಸಿದುಬಿದ್ದಿತು. ಪೂರ್ವ ಏಷ್ಯದಲ್ಲಿ 1992-93ರ ಸುಮಾರಿಗೆ ತಲೆದೋರಿದ ಬಿಳಿಚುಕ್ಕೆ ವೈರಸ್ಸು 1994ರಲ್ಲಿ ನಮ್ಮ ಪೂರ್ವ ಕರಾವಳಿಗೆ ಬಂದು, ಮೂರರಿಂದ ಹತ್ತು ದಿನಗಳೊಳಗೆ ತುಂಬಿದ ಹೊಂಡವನ್ನು ಬರಿದು ಮಾಡುವ ತನ್ನ ಶಕ್ತಿಯನ್ನು ಪ್ರದರ್ಶಿಸಿತು. ಪಶ್ಚಿಮ ಕರಾವಳಿಯ ಹೊಂಡಗಳಲ್ಲಿಯೂ ಅದು ಕಾಣಿಸಿಕೊಂಡುದನ್ನು 1997ರಲ್ಲಿ ವರದಿ ಮಾಡಿದವರು, 1969ರಲ್ಲಿ ಸ್ಥಾಪಿತವಾದ ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯದ ಇಂದ್ರಾಣಿ ಕರುಣಾಸಾಗರ್, ಇಡ್ಯಾ ಕರುಣಾಸಾಗರ್ ಮತ್ತು ಅವರ ಸಂಗಡಿಗರು. ಅದೇ ತಂಡ 1994ರಲ್ಲಿಯೇ ಪ್ರಕಟಿಸಿದ ಮತ್ತೊಂದು ವರದಿ, ನನ್ನ ದೃಷ್ಟಿಯಲ್ಲಿ, ಇದಕ್ಕಿಂತಲೂ ಹೆಚ್ಚು ಗಂಭೀರವಾದ ಎಚ್ಚರಿಕೆಯಾಗಿತ್ತು: ಹ್ಯಾಚರಿಯ ತೊಟ್ಟಿಗಳಲ್ಲಿ ಹುಲಿಸಿಗಡಿಯ ಲಾರ್ವಗಳನ್ನು ಸಾಮೂಹಿಕವಾಗಿ ಕೊಂದ ವಿಬ್ರಿಯೋ ಹಾರ್ವೆಯಿ ಎಂಬ ಬ್ಯಾಕ್ಟೀರಿಯವು ಆ್ಯಂಟಿಬಯೋಟಿಕ್ ಔಷಧಗಳಿಗೆ ಮಣಿಯದಾಗಿತ್ತು. ವೈರಸ್ಸಿಗೆ ಆ್ಯಂಟಿಬಯೋಟಿಕ್ ತಾಗುವುದೇ ಇಲ್ಲ. ತಾಗಬೇಕಾದ ಬ್ಯಾಕ್ಟೀರಿಯಕ್ಕೂ ಅದು ತಾಗದಾಯಿತು. ಉಳಿದದ್ದು ಸಿಗಡಿಯ ಮಾಂಸದಲ್ಲಿ ಅದರ ಶೇಷ ಮಾತ್ರ. ಆ ಶೇಷವನ್ನು ಹುಡುಕಿ ಪರದೇಶಗಳು ಸರಕನ್ನು ಹಿಂದಿರುಗಿಸತೊಡಗಿದವು, ಐರೋಪ್ಯ ಒಕ್ಕೂಟವಂತೂ 2016ರಲ್ಲಿ ಭಾರತದಿಂದ ಬರುವ ಸಾಕಿದ ಸಿಗಡಿಯ ಸರಕುಗಳಲ್ಲಿ ಅರ್ಧದಷ್ಟನ್ನು ಪರೀಕ್ಷೆಗೊಳಪಡಿಸುವ ಕ್ರಮವನ್ನು ಜಾರಿಗೆ ತಂದಿತು. 2023-24ರಲ್ಲಿ ಸುಮಾರು 7.16 ಲಕ್ಷ ಟನ್ ಸಿಗಡಿಯನ್ನು ಹೊರದೇಶಗಳಿಗೆ ಕಳುಹಿಸಿ 40,000 ಕೋಟಿ ರೂಪಾಯಿ ಗಳಿಸಿದ ದೇಶಕ್ಕೆ ಇದು ಸಣ್ಣ ಮಾತಲ್ಲ.

ಆದುದರಿಂದ, ಶೇಷ ಉಳಿಸದ, ರೋಗಾಣುವಿಗೆ ಪ್ರತಿರೋಧವನ್ನು ಕಲಿಸದ, ಪ್ರಾಣಿಯ ಸ್ವಂತ ಬಲವನ್ನೇ ಎಬ್ಬಿಸುವ ದ್ರವ್ಯವೊಂದಿದೆಯೆಂದಾಗ ಅದನ್ನು ಸ್ವಾಗತಿಸುವುದು ಯುಕ್ತವೇ ಸರಿ. ಪ್ರಯೋಗಗಳಲ್ಲಿ ಅದಕ್ಕೆ ಆಧಾರವೂ ಉಂಟು. ತೈವಾನಿನಲ್ಲಿ 1990ರ ದಶಕದ ಆರಂಭದಲ್ಲಿ ಗ್ಲೂಕಾನ್ ದ್ರಾವಣದಲ್ಲಿ ಕೆಲಹೊತ್ತು ಇರಿಸಿದ ಹುಲಿಸಿಗಡಿಯ ಮರಿಗಳು ವಿಬ್ರಿಯೋ ಸೋಂಕನ್ನು ಇತರ ಮರಿಗಳಿಗಿಂತ ಮೇಲಾಗಿ ತಾಳಿಕೊಂಡವು. ಜಪಾನಿನಲ್ಲಿ 1998ರ ಒಂದು ಪ್ರಯೋಗದಲ್ಲಿ ಓಕಿನಾವದ ಕಡಲಪಾಚಿಯ ಫ್ಯೂಕಾಯ್ಡನನ್ನು ತಿಂದ ಕುರುಮಾ ಸಿಗಡಿಗಳಲ್ಲಿ ಬಿಳಿಚುಕ್ಕೆ ರೋಗದ ಸಾವು ಕಡಿಮೆಯಾಯಿತು. ತಮಿಳುನಾಡಿನ ಕಡಲತೀರದ ಸರ್ಗಾಸಮ್ ಪಾಚಿಯಿಂದ ತೆಗೆದ ಫ್ಯೂಕಾಯ್ಡನ್ ಮೇಲೆಯೂ ಅಲ್ಲಿನ ಸಂಶೋಧಕರು ಆಶಾದಾಯಕವಾದ ಫಲವನ್ನು ಕಂಡಿದ್ದಾರೆ. ಇವನ್ನೆಲ್ಲ ಮೋಸವೆಂದು ತಳ್ಳಿಹಾಕುವವರ ಗುಂಪಿಗೆ ನಾನು ಸೇರಿದವನಲ್ಲ.

ಆದರೆ ಅದೇ ಪ್ರಯೋಗಗಳನ್ನು ಕೊನೆಯವರೆಗೆ ಓದಿದವರಿಗೆ ಇನ್ನೊಂದು ಸಂಗತಿಯೂ ತಿಳಿದುಬರುತ್ತದೆ. ತೈವಾನಿನ ಮರಿಗಳಿಗೆ ಬಂದ ಬಲ ಎರಡು ಮೂರು ವಾರಗಳಲ್ಲಿ ಇಳಿದುಹೋಗಿತ್ತು. ಒಮ್ಮೆ ಕೊಟ್ಟರೆ ಇಳಿಯುವುದಾದರೆ ಎಡೆಬಿಡದೆ ಕೊಡುತ್ತಿರೋಣವೆಂದು ತೋರುವುದು ಸಹಜ. ಹಾಗೆಯೂ ಮಾಡಿ ನೋಡಿದರು. ಅಲ್ಲಿಯೇ ಮುಂದೆ ನಡೆದ ಪ್ರಯೋಗದಲ್ಲಿ ಹುಲಿಸಿಗಡಿಯ ತಾಯಿಗಳಿಗೆ ಕಿಲೋ ಮೇವಿಗೆ ಎರಡು ಗ್ರಾಮಿನಂತೆ ಗ್ಲೂಕಾನನ್ನು 40 ದಿನ ಸತತವಾಗಿ ತಿನ್ನಿಸಿದಾಗ, ರಕ್ತಕೋಶಗಳ ನುಂಗುವ ಶಕ್ತಿ ಮೊದಲ ಮೂರು ವಾರಗಳಲ್ಲಿ ಏರುತ್ತ ಹೋಗಿ, ಅದರಾಚೆಗೆ, ಮೇವಿನಲ್ಲಿ ದ್ರವ್ಯವಿದ್ದಾಗಲೇ, ಇಳಿಮುಖವಾಯಿತು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಬೇಸಗೆಯ ಬಾವಿಯಲ್ಲಿ ಒರತೆ ಒಸರುವುದಕ್ಕಿಂತ ವೇಗವಾಗಿ ಸೇದುತ್ತ ಹೋದರೆ ಮೊದಲ ಕೊಡಗಳು ತುಂಬಿ ಬಂದು ಕೊನೆಯವುಗಳಲ್ಲಿ ಕೆಸರು ಬರುವಂತೆ, ಸಿಗಡಿಯ ಜಠರದ ಮೇಲ್ಭಾಗದಲ್ಲಿರುವ ರಕ್ತಕೋಶಗಳ ತಯಾರಿಕೆಯ ಅಂಗವು ತನ್ನ ಗತಿಯನ್ನು ಮೀರಿ ಕೋಶಗಳನ್ನು ಒದಗಿಸಲಾರದು. ಉತ್ತೇಜಿತವಾದ ಕೋಶವೋ ತನ್ನ ಕಣಗಳನ್ನು ಸಡಿಲಬಿಟ್ಟ ಮೇಲೆ ತಾನೇ ನಾಶವಾಗುತ್ತದೆ. ಅಷ್ಟೇ ಅಲ್ಲದೆ, ಮೆಲನಿನ್ ತಯಾರಾಗುವ ದಾರಿಯಲ್ಲಿ ಹುಟ್ಟುವ ಉಗ್ರ ರಾಸಾಯನಿಕಗಳು ರೋಗಾಣುವನ್ನು ಸುಡುವಂತೆ ಸ್ವಂತ ಅಂಗಾಂಶವನ್ನೂ ಸುಡಬಲ್ಲವು. ರಕ್ಷಣೆಗೆ ವ್ಯಯವಾಗುವ ಪೋಷಕಾಂಶ ಬೆಳವಣಿಗೆಯ ಲೆಕ್ಕದಿಂದಲೇ ಕಳೆಯಬೇಕಾದದ್ದು. ಬೆಳೆಗಾರನ ಭಾಷೆಯಲ್ಲಿ ಹೇಳುವುದಾದರೆ, ಇಲ್ಲದ ಶತ್ರುವಿಗೆ ಹೆದರಿ ಕೂತ ಸಿಗಡಿ ತೂಕ ಬರುವುದಿಲ್ಲ.

ಎಂದರೆ ಇದು ಸಮಯವನ್ನರಿತು ಬಳಸತಕ್ಕ ದ್ರವ್ಯ. ಹ್ಯಾಚರಿಯಿಂದ ಮರಿಯನ್ನು ತಂದು ಬೇರೊಂದು ಉಪ್ಪಿನಂಶದ ನೀರಿಗೆ ಬಿಡುವ ಮೊದಲು, ಅಕಾಲದ ಮಳೆ ಬಿದ್ದು ಹೊಂಡದ ಲವಣಾಂಶವೂ ಉಷ್ಣತೆಯೂ ತಟ್ಟನೆ ಇಳಿಯಬಹುದೆಂಬ ಸೂಚನೆಯಿದ್ದಾಗ, ನೆರೆಯ ಹೊಂಡದಲ್ಲಿ ರೋಗ ಕಾಣಿಸಿಕೊಂಡಾಗ, ಕೆಲವು ದಿನ ಕೊಟ್ಟು ನಿಲ್ಲಿಸುವುದು ಅರ್ಥಪೂರ್ಣವಾದೀತು. ಮರಿ ಬಿಟ್ಟ ದಿನದಿಂದ ಕೊಯ್ಲಿನ ದಿನದವರೆಗೆ, ನೂರು ನೂರಿಪ್ಪತ್ತು ದಿನ, ಹೊತ್ತು ಹೊತ್ತಿನ ಮೇವಿನಲ್ಲಿಯೂ ಅದನ್ನು ಬೆರೆಸುತ್ತ ಹೋಗುವುದು ಮಾರುವವನಿಗೆ ಲಾಭದಾಯಕವಾದದ್ದೆಂಬುದರಲ್ಲಿ ಮಾತ್ರ ಸಂಶಯವಿಲ್ಲ. ಎಂದು ನಿಲ್ಲಿಸಬೇಕೆಂಬ ಸಾಲು ಪೊಟ್ಟಣದ ಮೇಲೆ ಏಕಿಲ್ಲವೆಂಬುದಕ್ಕೆ ಇದಕ್ಕಿಂತ ಗೂಢವಾದ ಕಾರಣವನ್ನು ಹುಡುಕಬೇಕಾಗಿಲ್ಲ.

ಪ್ರಯೋಗಶಾಲೆಗೂ ಹೊಂಡಕ್ಕೂ ನಡುವೆ ಇರುವ ದೂರವನ್ನೂ ಇಲ್ಲಿ ಅಳೆಯಬೇಕು. ಪ್ರಯೋಗಶಾಲೆಯಲ್ಲಿ ಶುದ್ಧವಾದ ನೀರು, ಎಣಿಸಿಟ್ಟ ಕೆಲವು ಪ್ರಾಣಿಗಳು, ಒಂದೇ ರೋಗಾಣು, ಅದನ್ನೂ ಸೂಜಿಯಿಂದ ಚುಚ್ಚಿ ಕೊಟ್ಟದ್ದು. ಹೊಂಡದಲ್ಲಿ ಕೆಸರು, ಪಾಚಿ, ರಾತ್ರಿ ಇಳಿಯುವ ಆಮ್ಲಜನಕ, ಹಿಂದಿನ ಬೆಳೆಯ ಕೊಳೆತ ಮೇವು, ಯಕೃತ್ತಿನಂಥ ಅಂಗವನ್ನು ಒಳಗಿನಿಂದ ಹಾಳುಮಾಡಿ ಬೆಳವಣಿಗೆಯನ್ನು ಕುಂಠಿಸುವ ಇ.ಎಚ್.ಪಿ. ಎಂಬ ಸೂಕ್ಷ್ಮಜೀವಿ, ಎಲ್ಲವೂ ಒಟ್ಟಿಗೆ. ಪುಡಿಯನ್ನು ಮೇವಿಗೆ ಸೇರಿಸುವ ಬಗೆಯನ್ನಾದರೂ ನೋಡಿ: ನೆರಳಿನಲ್ಲಿ ತಾಡಪಾಲು ಹಾಸಿ, ಅದರ ಮೇಲೆ ಮೇವನ್ನು ಸುರಿದು, ಪುಡಿಯನ್ನು ನೀರಿನಲ್ಲಿಯೋ ಅಂಟಿನಲ್ಲಿಯೋ ಕದಡಿ, ಕೈಯಿಂದ ಚಿಮುಕಿಸಿ ತಿರುವಿ ಆರಗೊಡುತ್ತಾರೆ. ಸಿಗಡಿಯೋ ಮೀನಿನಂತೆ ಮೇವನ್ನು ಗಬಕ್ಕನೆ ನುಂಗುವ ಪ್ರಾಣಿಯಲ್ಲ. ಒಂದೊಂದು ಕಾಳನ್ನೂ ಕಾಲುಗಳಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ಕೆರೆದು ತಿನ್ನುತ್ತದೆ. ಅಷ್ಟರೊಳಗೆ ಮೇಲೆ ಲೇಪಿಸಿದ ಪುಡಿಯಲ್ಲಿ ಎಷ್ಟೋ ಪಾಲು ನೀರುಪಾಲಾಗಿರುತ್ತದೆ. ಮೇವಿನ ಕಾರ್ಖಾನೆಯಲ್ಲಿಯೇ ಕಾಳಿನ ಒಳಗೆ ಸೇರಿಸಿದ್ದಾದರೆ ಈ ನಷ್ಟ ಕಡಿಮೆ. ಆದರೆ ಆಗ ಬೇಕೆಂದಾಗ ಕೊಟ್ಟು ಬೇಡವೆಂದಾಗ ನಿಲ್ಲಿಸುವ ಸ್ವಾತಂತ್ರ್ಯ ಬೆಳೆಗಾರನ ಕೈತಪ್ಪುತ್ತದೆ.

ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ ಬೆಳೆಗಾರನಲ್ಲಿ ಹೋಲಿಸಿ ನೋಡುವ ಹೊಂಡವಿಲ್ಲ. ಇದ್ದ ಎಲ್ಲ ಹೊಂಡಗಳಿಗೂ ಅವನು ಪುಡಿ ಹಾಕಿರುತ್ತಾನೆ. ಬೆಳೆ ಉಳಿದರೆ ಪುಡಿಯಿಂದ ಉಳಿಯಿತೆಂದು ಅಂಗಡಿಯವನು ಹೇಳುತ್ತಾನೆ; ಹೋದರೆ ಮರಿ ಸರಿಯಿರಲಿಲ್ಲವೆಂದೋ ಮಳೆ ಬಂತೆಂದೋ ಪುಡಿ ಸಾಲದಾಯಿತೆಂದೋ ಅವನೇ ಹೇಳುತ್ತಾನೆ. ಈ ವಾದದಲ್ಲಿ ಸೋಲೆಂಬುದೇ ಇಲ್ಲ. ಸಾಲ ತಂದು ಬೆಳೆಯಿಟ್ಟವನು, ಬಹುಸಾರಿ ಅದೇ ಅಂಗಡಿಯಿಂದ ಮೇವನ್ನು ಕಡ ತಂದವನು, ಆ ಅಂಗಡಿಯವನ ಮಾತನ್ನು ಪರೀಕ್ಷಿಸುವ ಸ್ಥಿತಿಯಲ್ಲಿರುವುದೂ ಇಲ್ಲ.

ಹಾಗಾದರೆ ಸರ್ಕಾರವೇನು ಮಾಡುತ್ತಿದೆಯೆಂಬ ಪ್ರಶ್ನೆ ಬರುತ್ತದೆ. 2005ರ ಕಾಯಿದೆಯ ಮೇರೆಗೆ ಸ್ಥಾಪಿತವಾಗಿ ಚೆನ್ನೈನಲ್ಲಿ ಕಚೇರಿಯಿರುವ ಕರಾವಳಿ ಜಲಕೃಷಿ ಪ್ರಾಧಿಕಾರವು ಹೊಂಡಕ್ಕೆ ಸೇರುವ ಇಂಥ ವಸ್ತುಗಳಲ್ಲಿ ನಿಷಿದ್ಧ ಆ್ಯಂಟಿಬಯೋಟಿಕ್‌ಗಳಿಲ್ಲವೆಂಬುದನ್ನು ಪರೀಕ್ಷೆಯ ಆಧಾರದ ಮೇಲೆ ದೃಢೀಕರಿಸುವ ವ್ಯವಸ್ಥೆಯನ್ನು ಮಾಡಿದೆ; 2023ರ ತಿದ್ದುಪಡಿಯು ಮನುಷ್ಯರ ಆರೋಗ್ಯಕ್ಕೆ ಹಾನಿಕರವಾದ ಔಷಧಗಳ ಬಳಕೆಯನ್ನು ಮತ್ತಷ್ಟು ಸ್ಪಷ್ಟವಾಗಿ ನಿಷೇಧಿಸಿದೆ. ಇದು ಶ್ಲಾಘ್ಯವಾದ ಕೆಲಸ. ಆದರೆ ಪೊಟ್ಟಣದಲ್ಲಿ ವಿಷವಿಲ್ಲವೆಂಬ ದೃಢೀಕರಣವು ಅದರಲ್ಲಿ ಗುಣವಿದೆಯೆಂಬ ದೃಢೀಕರಣವಾಗಲಾರದು. ಪ್ರಮಾಣಪತ್ರದ ಸಂಖ್ಯೆಯನ್ನು ಹಣೆಯ ಮೇಲೆ ಮೆರೆಸಿಕೊಂಡ ಪೊಟ್ಟಣವನ್ನು ಕೈಗೆತ್ತಿಕೊಂಡ ಬೆಳೆಗಾರ ಮಾತ್ರ ಅವೆರಡನ್ನೂ ಒಂದೇ ಎಂದು ತಿಳಿಯುವುದು ತೀರ ಸ್ವಾಭಾವಿಕ. ಆದುದರಿಂದ ನೋಂದಣಿಗೆ ಬರುವ ಪ್ರತಿಯೊಂದು ಉತ್ತೇಜಕದ ಪೊಟ್ಟಣದ ಮೇಲೆ ಒಳಗಿರುವ ದ್ರವ್ಯದ ಹೆಸರು, ಅದು ಶೇಕಡಾ ಎಷ್ಟಿದೆ, ಯಾವ ಮೂಲದ್ದು, ಎಷ್ಟು ದಿನ ಕೊಡಬೇಕು, ಎಷ್ಟು ದಿನ ಬಿಡಬೇಕು ಎಂಬುದನ್ನು ಕನ್ನಡ, ತೆಲುಗು, ತಮಿಳು ಮುಂತಾದ ಆಯಾ ಕರಾವಳಿಯ ಭಾಷೆಯಲ್ಲಿ ಅಚ್ಚುಮಾಡತಕ್ಕದ್ದೆಂದು ನಿಯಮವಾಗಬೇಕು. ಹಾಗೆ ಅಚ್ಚುಮಾಡಿದ ಮಾತು ನಿಜವೇ ಎಂಬುದನ್ನು ಚೆನ್ನೈನ ಕೇಂದ್ರೀಯ ಚೌಳುನೀರು ಜಲಕೃಷಿ ಸಂಸ್ಥೆಯಾಗಲಿ ನಮ್ಮ ಮಂಗಳೂರಿನ ಮಹಾವಿದ್ಯಾಲಯದಂಥ ಸಂಸ್ಥೆಗಳಾಗಲಿ ನಿಜವಾದ ಹೊಂಡಗಳಲ್ಲಿ, ಪುಡಿ ಹಾಕಿದ ಮತ್ತು ಹಾಕದ ಜೋಡಿಗಳನ್ನಿಟ್ಟು ಪರೀಕ್ಷಿಸಿ, ಗೆದ್ದುದನ್ನೂ ಸೋತುದನ್ನೂ ಒಂದೇ ಪಟ್ಟಿಯಲ್ಲಿ ಪ್ರಕಟಿಸಬೇಕು. ಸಣ್ಣ ತಯಾರಕರಿಗೆ ಇದರ ವೆಚ್ಚ ಭಾರವಾದೀತೆಂದು ಆಕ್ಷೇಪಿಸುವವರುಂಟು. ಗುಣವನ್ನು ತೋರಿಸಿಕೊಡಲಾಗದ ಪುಡಿಯ ವೆಚ್ಚ ಈಗಲೂ ಬೀಳುತ್ತಲೇ ಇದೆ; ಬೀಳುತ್ತಿರುವುದು ಬೆಳೆಗಾರನ ಮೇಲೆ ಎಂಬುದಷ್ಟೇ ವ್ಯತ್ಯಾಸ.

ಉತ್ತರ ಕನ್ನಡದ ಗಜನಿ ಭೂಮಿಗಳ ಮಾತನ್ನು ಇಲ್ಲಿ ಸ್ವಲ್ಪ ಬೇರೆಯಾಗಿಯೇ ಆಡಬೇಕು. ಅಘನಾಶಿನಿಯ ಅಳಿವೆಯ ಬದಿಯಲ್ಲಿ ಮಳೆಗಾಲದಲ್ಲಿ ಉಪ್ಪನ್ನು ತಾಳುವ ಕಗ್ಗ ಭತ್ತವನ್ನು ಬೆಳೆದು, ಕೊಯ್ಲಾದ ಮೇಲೆ ತೂಬು ತೆರೆದು ಉಬ್ಬರದ ನೀರಿನೊಡನೆ ತಾನಾಗಿ ಬಂದ ಸಿಗಡಿಯ ಮರಿಗಳನ್ನು ಒಳಗೆ ಬಿಟ್ಟುಕೊಂಡು ಬೆಳೆಸುತ್ತಿದ್ದ ಹಳೆಯ ಕ್ರಮದಲ್ಲಿ ಮೂಟೆಯ ಮೇವೇ ಇರಲಿಲ್ಲವಾದ್ದರಿಂದ ಮೇವಿಗೆ ಬೆರೆಸುವ ಪುಡಿಯ ಪ್ರಶ್ನೆಯೂ ಏಳುತ್ತಿರಲಿಲ್ಲ. ಅಗಲವಾದ ನೀರಿನಲ್ಲಿ ವಿರಳವಾಗಿ ಹರಡಿದ ಪ್ರಾಣಿಗಳು. ಅವು ತಿನ್ನುತ್ತಿದ್ದ ಪಾಚಿಯಲ್ಲಿ, ಭತ್ತದ ಕೂಳೆ ಕೊಳೆತಲ್ಲಿ ಹುಟ್ಟಿದ ಸೂಕ್ಷ್ಮಜೀವಿಗಳಲ್ಲಿ, ಗ್ಲೂಕಾನಿನಂಥ ದ್ರವ್ಯಗಳು ಪೊಟ್ಟಣದ ಹಂಗಿಲ್ಲದೆ ಇದ್ದೇ ಇದ್ದವು. ಆ ಕ್ರಮಕ್ಕೇ ಎಲ್ಲರೂ ಮರಳಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಅದರ ಇಳುವರಿ ಅಲ್ಪ, ವೈರಸ್ಸು ಅದನ್ನೂ ಬಿಟ್ಟದ್ದಿಲ್ಲ. ಆದರೆ 2009ರಲ್ಲಿ ಅಮೆರಿಕ ಖಂಡಗಳ ಮೂಲದ ವನಾಮಿ ಸಿಗಡಿಗೆ ಅನುಮತಿ ಕೊಟ್ಟಾಗ ಚದರ ಮೀಟರಿಗೆ 60 ಮರಿಗಳೆಂದು ಮಿತಿ ವಿಧಿಸಿದ್ದು ಸುಮ್ಮನೆ ಅಲ್ಲ. ಕಿಕ್ಕಿರಿದ ಹೊಂಡ, ಪರೀಕ್ಷಿಸದ ಮರಿ, ಒಣಗಿಸದ ತಳ, ಏಡಿಗಳು ಹೊಕ್ಕು ಹೊರಡುವ ಬದು, ಇವುಗಳನ್ನು ಇದ್ದಂತೆಯೇ ಇಟ್ಟುಕೊಂಡು ಅವುಗಳಿಂದ ಬರುವ ರೋಗವನ್ನು ಕಿಲೋಗೆ ಎರಡು ಗ್ರಾಂ ಪುಡಿಯಿಂದ ತಡೆಯುವೆನೆಂಬ ಆಸೆ ಅತಿಯಾದದ್ದು.

ನಿಯಮ ಬರುವವರೆಗೆ ಕೈಕಟ್ಟಿ ಕೂರಬೇಕಾಗಿಯೂ ಇಲ್ಲ. 2007ರಿಂದೀಚೆಗೆ ಸಣ್ಣ ಬೆಳೆಗಾರರನ್ನು ಊರೂರಿನಲ್ಲಿ ಸಂಘಗಳಾಗಿ ಕೂಡಿಸುವ ಪ್ರಯತ್ನ ನಮ್ಮ ಕರಾವಳಿಗಳಲ್ಲಿ ನಡೆದುಬಂದಿದೆ. ಒಬ್ಬನಿಂದ ಆಗದ ಹೋಲಿಕೆ ಇಪ್ಪತ್ತು ಜನರಿಂದ ಆಗುತ್ತದೆ. ಒಂದೇ ಹ್ಯಾಚರಿಯ ಮರಿಯನ್ನು ಒಂದೇ ವಾರದಲ್ಲಿ ಬಿಟ್ಟು, ಚೀಟಿ ಎತ್ತಿ ಅರ್ಧ ಹೊಂಡಗಳಿಗೆ ಪುಡಿ ಹಾಕಿ, ಉಳಿದರ್ಧಕ್ಕೆ ಹಾಕದೆ, ಹಾಕಿದವುಗಳಲ್ಲಿಯೂ ಕೆಲವಕ್ಕೆ ಎಡೆಬಿಡದೆ, ಕೆಲವಕ್ಕೆ ಹತ್ತು ದಿನ ಕೊಟ್ಟು ಇಪ್ಪತ್ತು ದಿನ ಬಿಟ್ಟು ನೋಡಬಹುದು. ಬೇಕಾದದ್ದು ಮರಿ ಬಿಟ್ಟ ದಿನ, ಸುರಿದ ಮೇವು, ವಾರಕ್ಕೊಮ್ಮೆ ಬಲೆ ಬೀಸಿ ತೂಗಿದ ತೂಕ, ಕೊಯ್ಲಿನಲ್ಲಿ ಉಳಿದ ಪ್ರಮಾಣ, ಪುಡಿಗೆ ಕೊಟ್ಟ ಹಣ, ಇಷ್ಟನ್ನು ಬರೆದಿಡುವ ಒಂದು ಪುಸ್ತಕ. ಮುಂದಿನ ಬೆಳೆಗೆ ಎಷ್ಟು ಪೊಟ್ಟಣ ಕಳುಹಿಸಲೆಂದು ಅಂಗಡಿಯವನು ಕೇಳಲು ಬಂದಾಗ ಸಂಘದವರು ಆ ಪುಸ್ತಕವನ್ನೇ ತೆರೆದು ಅವನ ಮುಂದಿಡಬಹುದು.